ಕೆಳಗಿನ ದನಿ

'ಜೀವ ಉಳಿಯಿತಲ್ಲ, ಅಷ್ಟೇ ಸಾಕು' ಎಂಬ ಮಾತನ್ನು ಕೇಳಿ ಕೇಳಿ ಅವಳ ಕಿವಿ ತೂತು ಬಿದ್ದಿತ್ತು. ಪಕ್ಕದ ಮನೆಯವರು, ಬಸ್ಸಿನಲ್ಲಿ ಸಿಕ್ಕ ಹಳೇ ಪರಿಚಯದವರು, ಆಸ್ಪತ್ರೆಯ ನರ್ಸು, ಕೊನೆಗೆ ಒಡಹುಟ್ಟಿದ ಅಕ್ಕ ಕೂಡ ಅದನ್ನೇ ಹೇಳಿದಳು. ಗಂಡನ ಗಂಟಲಿನ ಗಡ್ಡೆ ತೆಗೆಯುವಾಗ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕಾಯಿತು. ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದಕ್ಕೆ ಸಂತೋಷಪಡಬೇಕು, ಹೋದದ್ದರ ಮಾತೆತ್ತಬಾರದು ಎಂದು ಊರೆಲ್ಲ ಸೇರಿ ತೀರ್ಮಾನ ಮಾಡಿದಂತಿತ್ತು. ಅವಳಿಗೆ ಅಳುವೂ ಬರುತ್ತಿರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು.

ಅವಳು ಎತ್ತರದ ಕಟ್ಟಡಗಳನ್ನು ಕಟ್ಟುವ ಕಡೆ ಕ್ರೇನ್ ನಡೆಸುವವಳು. ಗೋಪುರದಂಥ ಕಬ್ಬಿಣದ ಕಂಬದ ತುದಿಯಲ್ಲಿ ಗಾಜಿನ ಗೂಡು, ಅದರಲ್ಲಿ ಒಂದು ಕುರ್ಚಿ, ಎರಡು ಹಿಡಿಕೆ, ಒಂದು ರೇಡಿಯೋ. ಬೆಳಗ್ಗೆ ಏಣಿ ಹತ್ತಿದರೆ ಇಳಿಯುವುದು ಊಟದ ಹೊತ್ತಿಗೇ. ಹತ್ತುವ ಮುಂಚೆ ನೀರು ಕುಡಿಯುತ್ತಿರಲಿಲ್ಲ. ಯಾಕೆಂದು ಗಂಡಸರು ಯಾರೂ ಕೇಳುತ್ತಿರಲಿಲ್ಲ, ಹೆಂಗಸರಿಗೆ ಹೇಳಬೇಕಾಗಿರಲಿಲ್ಲ. ಕೆಲಸಗಾರರು ಅವಳನ್ನು 'ಮೇಲಿನಕ್ಕ' ಎನ್ನುತ್ತಿದ್ದರು. ಅತ್ತೆ ಮಾತ್ರ, ಸೊಸೆ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, ಆಫೀಸಿನಲ್ಲಿ, ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ, ಎಂದುಬಿಡುತ್ತಿದ್ದರು. ಸುಳ್ಳೇನೂ ಅಲ್ಲ.

ಮೇಲಿನಿಂದ ಕೆಳಗಿನದು ಅರ್ಧ ಕಾಣುವುದಿಲ್ಲ. ಗೋಡೆಯ ಆಚೆಗೆ ಹೊರೆ ಇಳಿಸುವಾಗ ಕೆಳಗೆ ನಿಂತ ಸಂಕೇತದವನು ರೇಡಿಯೋದಲ್ಲಿ ಹೇಳಿದಂತೆ ಕೈ ಆಡಿಸಬೇಕು. ಅವಳ ಗಂಡ ಆ ಸಂಕೇತದವನಾಗಿದ್ದ. ಮುಖ ನೋಡುವ ಮೊದಲೇ ಅವಳು ಅವನ ದನಿಯನ್ನು ತಿಂಗಳುಗಟ್ಟಲೆ ಕೇಳಿದ್ದಳು. ಗಡಿಬಿಡಿ ಇಲ್ಲದ, ಸ್ವಲ್ಪ ಗೊಗ್ಗರು ದನಿ. 'ಎಡಕ್ಕೆ ಒಂದು ಮೊಳ. ಇಳಿಸು. ಇನ್ನೊಂದು ಗೇಣು. ಒಂದು ಬೆರಳು. ಕೂತ್ಕೊಂತು.' ಇಷ್ಟೇ. ಆ ದನಿಗೆ ತಕ್ಕಂತೆ ಎತ್ತರದ, ದಟ್ಟ ಕೂದಲಿನ ಒಬ್ಬನನ್ನು ಅವಳು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದಳು. ಕೊನೆಗೊಮ್ಮೆ ಎದುರು ಬಂದಾಗ ನೋಡಿದರೆ ಕುಳ್ಳ, ತಲೆ ಬೋಳು. ಅಷ್ಟರಲ್ಲಿ ತಡವಾಗಿತ್ತು. ಕೆಳಗೆ ಬಂದ ಮೇಲೆ ಒಂದು ಮಾತು ಕೇಳೋದಿದೆ ಎಂದು ಅವನು ರೇಡಿಯೋದಲ್ಲೇ ಅಂದದ್ದನ್ನು ಅದೇ ಚಾನೆಲ್ಲಿನಲ್ಲಿದ್ದ ಗಾರೆಯವರು, ಕಬ್ಬಿಣ ಕಟ್ಟುವವರು ಎಲ್ಲ ಕೇಳಿಸಿಕೊಂಡು, ಅವಳು ಏಣಿ ಇಳಿಯುವ ಹೊತ್ತಿಗೆ ಬುಡದಲ್ಲಿ ಗುಂಪುಗೂಡಿದ್ದರು. ಅಷ್ಟು ಜನರ ಮುಂದೆ ಒಲ್ಲೆ ಅನ್ನುವುದು ಹೇಗೆ ಎಂದು ಅವಳು ಆಮೇಲೆ ಅವನನ್ನು ಎಷ್ಟೋ ವರ್ಷ ರೇಗಿಸುತ್ತಿದ್ದಳು.

ಈಗ ಅವನು ಮನೆಯಲ್ಲಿ ಕಿಟಕಿ ಪಕ್ಕದ ಕುರ್ಚಿಯಲ್ಲಿರುತ್ತಿದ್ದ. ಕುತ್ತಿಗೆಯ ತೂತಿನಲ್ಲಿ ಉಸಿರಾಟ, ಅದರ ಮೇಲೊಂದು ತೆಳುಬಟ್ಟೆ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಟಾರ್ಚಿನಂಥ ಒಂದು ಯಂತ್ರ ಕೊಟ್ಟಿದ್ದರು. ಅದನ್ನು ಗಲ್ಲದ ಕೆಳಗೆ ಒತ್ತಿ ಬಾಯಿ ಆಡಿಸಿದರೆ ಮಾತು ಹೊರಡುತ್ತದಂತೆ. ಮನೆಗೆ ಬಂದ ದಿನ ಅವನು ಒಮ್ಮೆ 'ಅಮ್ಮಾ' ಅಂದ. ಜೀರುಂಡೆ ಕೂಗಿದಂತಾಯಿತು. ಅವನ ತಾಯಿ ಬೆಚ್ಚಿ ಕೈಯಲ್ಲಿದ್ದ ತಟ್ಟೆ ಬೀಳಿಸಿದರು. ಅವನು ಯಂತ್ರವನ್ನು ಬೀರುವಿನೊಳಗೆ ಇಟ್ಟವನು ಮತ್ತೆ ಮುಟ್ಟಲಿಲ್ಲ. ಏನಾದರೂ ಬೇಕಾದರೆ ಚಮಚದಿಂದ ಮೇಜು ಕುಟ್ಟುತ್ತಿದ್ದ. ಒಂದು ಸಲ ಕುಟ್ಟಿದರೆ ನೀರು, ಬಿಡದೆ ಕುಟ್ಟಿದರೆ ಸಿಟ್ಟು. ಅವಳು ಗೋಗರೆದಳು, ಬೈದಳು, ಮೇಡಂ ಹತ್ತಿರ ಮತ್ತೆ ಕರೆದೊಯ್ಯಲು ಎರಡು ಸಲ ರಜೆ ಹಾಕಿದಳು. ಎರಡು ಸಲವೂ ಅವನು ಚಪ್ಪಲಿ ಮೆಟ್ಟಲೇ ಇಲ್ಲ. ಅತ್ತೆ, ಮಗನನ್ನು ಪೀಡಿಸಬೇಡ, ಅವನ ಮನಸ್ಸು ನೊಂದಿದೆ, ಎಂದರು. ತನ್ನ ಮನಸ್ಸು ಕಲ್ಲಿನಿಂದ ಮಾಡಿದ್ದೇ ಎಂದು ಅವಳು ಕೇಳಬೇಕೆಂದುಕೊಂಡು ಕೇಳಲಿಲ್ಲ.

ಕೆಲಸದಲ್ಲೂ ನೆಮ್ಮದಿ ಇರಲಿಲ್ಲ. ಹೊಸ ಸಂಕೇತದವನು ಒಳ್ಳೆಯವನೇ, ಆದರೆ ಅವನ ಬಾಯಲ್ಲಿ ಇದ್ದದ್ದು ಒಂದೇ ಅಳತೆ, 'ಸ್ವಲ್ಪ'. ಸ್ವಲ್ಪ ಬಲಕ್ಕೆ, ಸ್ವಲ್ಪ ಕೆಳಗೆ, ಇನ್ನೂ ಸ್ವಲ್ಪ. ಸ್ವಲ್ಪ ಅಂದರೆ ಎಷ್ಟು ಎಂದು ಅವಳು ಮೇಲಿನಿಂದ ಕೇಳಿದರೆ, ಸ್ವಲ್ಪ ಅಂದರೆ ಸ್ವಲ್ಪವೇ ಅಕ್ಕ, ಎನ್ನುತ್ತಿದ್ದ. ಅದರ ಬಗ್ಗೆ ಅವಳು ಸುರಕ್ಷತೆಯ ಅಧಿಕಾರಿಗೆ ದೂರು ಹೇಳಿದ್ದಳು. ಅವರು ತಲೆಯಾಡಿಸಿ ಕಳಿಸಿದ್ದರು. ಒಂದು ಮಧ್ಯಾಹ್ನ ಕಾಂಕ್ರೀಟ್ ಗೋಡೆಯ ಹಲಗೆಯೊಂದನ್ನು ಇಳಿಸುವಾಗ ಆ 'ಸ್ವಲ್ಪ' ಜಾಸ್ತಿಯಾಗಿ, ಹಲಗೆ ಸಾರುವೆಗೆ ಬಡಿದು, ಅದರ ಕಬ್ಬಿಣದ ಕೊಳವೆಗಳು ಧಡಧಡ ಉರುಳಿದವು. ಗಾರೆಯವರ ಊಟದ ಬಿಡುವು ಇನ್ನೂ ಮುಗಿದಿರಲಿಲ್ಲವಾದ್ದರಿಂದ ಸಾರುವೆಯ ಮೇಲೆ ಯಾರೂ ಇರಲಿಲ್ಲ. ಅವಳು ಇಳಿದು ಬಂದಳು.

ಅಧಿಕಾರಿ ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಚೆನ್ನಾಗಿತ್ತು. ಮನೆಯ ಚಿಂತೆ ತಲೆಯಲ್ಲಿಟ್ಟುಕೊಂಡು ಮೇಲೆ ಕೂರುವುದು ಅಪಾಯ, ಹೆಂಗಸರಿಗೆ ಸಹಜ, ಸ್ವಲ್ಪ ಕಾಲ ಸಾಮಾನಿನ ಕೋಣೆ ನೋಡಿಕೊಳ್ಳಿ, ಎಂದು ಮೆತ್ತಗೆ ಹೇಳಿದರು. ಸಂಕೇತದವನನ್ನು ಕೇಳಿ ಎಂದು ಅವಳು ಎಷ್ಟು ಹೇಳಿದರೂ ಅದು ಅವರ ಕಿವಿಗೆ ಹೋಗಲಿಲ್ಲ.

ಮನೆಗೆ ಬಂದು ನಡೆದದ್ದನ್ನೆಲ್ಲ ಗಂಡನಿಗೆ ಒದರಿದಳು. ಅವನ ಮುಖ ಕೆಂಪಾಯಿತು. ತುಟಿಗಳು ಅಲುಗಿದವು, ಕುತ್ತಿಗೆಯ ಬಟ್ಟೆ ಒಳಕ್ಕೂ ಹೊರಕ್ಕೂ ಆಡಿತು. ಆಮೇಲೆ ಅವನು ಚಮಚ ತೆಗೆದುಕೊಂಡು ಮೇಜು ಕುಟ್ಟತೊಡಗಿದ.

ಅವಳು ಚಮಚ ಕಿತ್ತುಕೊಂಡಳು.

"ನಿಂಗೆ ಮಾತಾಡಕ್ಕೆ ಆಗಲ್ಲ ಅಂತಲ್ಲ. ಇಷ್ಟ ಇಲ್ಲ. ಇಡೀ ದಿನ ಅಲ್ಲಿ ಯಾರ್ಯಾರದೋ ಬಾಯಿಗೆ ಕಿವಿ ಕೊಟ್ಟು ಬರ್ತೀನಿ. ಮನೇಗೆ ಬಂದ್ರೆ ಈ ಚಮಚ. ನಾನೇನು ನಾಯೀನಾ?"

ಅತ್ತೆ ಒಳಗಿನಿಂದ, ಮೆಲ್ಲಗೆ, ಅಕ್ಕಪಕ್ಕದವರು ಕೇಳುತ್ತಾರೆ, ಎಂದರು. ಅವನು ಎದ್ದು ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದ.

ಮರುದಿನ ಬೆಳಗ್ಗೆ ಅವಳು ಅಧಿಕಾರಿಯ ತಗಡಿನ ಕೋಣೆಯಲ್ಲಿ ಸಾಮಾನಿನ ಕೋಣೆಯ ಬೀಗದ ಕೈಗಾಗಿ ನಿಂತಿದ್ದಾಗ ಬಾಗಿಲು ತೆರೆಯಿತು. ಗಂಡ ನಿಂತಿದ್ದ. ಇಸ್ತ್ರಿ ಅಂಗಿ, ಕುತ್ತಿಗೆಗೆ ಹೊಸ ಬಟ್ಟೆ, ಕೈಯಲ್ಲಿ ಆ ಯಂತ್ರ. ಗಲ್ಲದ ಕೆಳಗೆ ಒತ್ತಿಕೊಂಡ.

"ಸ್ವಲ್ಪ ಅಂದ್ರೆ ಎಷ್ಟು? ಅವನನ್ನ ಕೇಳಿ."

ಏರಿಳಿತವೇ ಇಲ್ಲ. ಬಾಗಿಲಿನ ಗಂಟೆಗೆ ಮಾತು ಬಂದಂತಿತ್ತು. ಅಧಿಕಾರಿ ಅವನನ್ನು ನೋಡದೆ ಅವಳ ಕಡೆ ತಿರುಗಿ, ಏನಂತೆ, ಎಂದರು. ಮಾತು ಸ್ಪಷ್ಟವಾಗಿಯೇ ಇತ್ತು. ಗಂಡ ಮತ್ತೆ ಹೇಳಿದ. ಈ ಸಲ ಸಿಟ್ಟಿನಿಂದ ಕಣ್ಣು ಕೆಂಪಾಗಿದ್ದರೂ ಯಂತ್ರ ಅದೇ ಸಮನಾದ ಸ್ವರದಲ್ಲಿ, ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಷ್ಟೇ ತಣ್ಣಗೆ ಹೇಳಿತು. ಹೊರಗೆ ನಿಂತ ಯಾರೋ ನಕ್ಕರು. ಮನೆಯಲ್ಲಿ ವಿಶ್ರಾಂತಿ ತಗೊಳ್ಳಿ ಯಜಮಾನರೇ, ಎಂದ ಅಧಿಕಾರಿ ಅವಳ ಮುಂದೆ ಬೀಗದ ಕೈ ಇಟ್ಟರು.

ಅವಳು ಅದನ್ನು ಮುಟ್ಟಲಿಲ್ಲ. ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟು, ಗಂಡನ ತೋಳು ಹಿಡಿದು ಹೊರಗೆ ಬಂದಳು. ಗೇಟಿನ ಹತ್ತಿರ, ಲಾರಿಗಳು ಧೂಳೆಬ್ಬಿಸುತ್ತಿದ್ದ ಕಡೆ ನಿಂತು ಅವನ ಮೇಲೆ ಹರಿಹಾಯ್ದಳು. ಒಂದು ಮಾತು ಹೇಳದೆ ಯಾಕೆ ಬಂದೆ, ಇಷ್ಟು ದಿನ ಎಲ್ಲಿ ಹೋಗಿತ್ತು ಈ ಪೌರುಷ, ಎಂದೆಲ್ಲ.

"ಹೇಳಕ್ಕೆ ಬಾಯಿ ಎಲ್ಲಿತ್ತು," ಎಂದಿತು ಯಂತ್ರ. ಅವನ ಮುಖ ನಗುತ್ತಿತ್ತು.

ಅವಳಿಗೆ ನಗು ಬರಬೇಕಿತ್ತು. ಬಂದದ್ದು ಅಳು. ಲಾರಿಯವನು ಇಣುಕಿ ನೋಡುವಷ್ಟು ಜೋರಾಗಿ ಅತ್ತಳು. ಅವನು ಸುಮ್ಮನಿದ್ದಷ್ಟು ದಿನ ಆ ಗೊಗ್ಗರು ದನಿ ಅವನೊಳಗೇ ಎಲ್ಲೋ ಮುನಿಸಿಕೊಂಡು ಕೂತಿದೆ, ಬೈದರೆ, ಬೇಡಿದರೆ, ಇವತ್ತಲ್ಲ ನಾಳೆ ಹೊರಗೆ ಬರುತ್ತದೆ ಎಂದು ತಾನು ನಂಬಿದ್ದೆ ಎಂಬುದು ಅವಳಿಗೆ ಅಲ್ಲಿ, ಆ ಧೂಳಿನಲ್ಲಿ ಗೊತ್ತಾಯಿತು. ಯಂತ್ರ ಒತ್ತಿಕೋ ಎಂದು ಅಷ್ಟು ಕಾಡಿದವಳೂ ತಾನೇ. ಒತ್ತಿಕೊಂಡ ಮೇಲೆ ಕೇಳಿದ್ದು ಅವನ ದನಿ ಅಲ್ಲ. ಅದು ಇನ್ನು ಎಲ್ಲೂ ಇಲ್ಲ. ಮನುಷ್ಯ ಎದುರಿಗೇ ನಿಂತು ತನ್ನ ಕರವಸ್ತ್ರ ಚಾಚುತ್ತಿದ್ದ. ಇಂಥ ಸಾವಿಗೆ ಯಾರ ಹತ್ತಿರ ಹೋಗಿ ಅಳುವುದು?

ಮತ್ತೆ ಗೂಡು ಹತ್ತಲು ಅವಳಿಗೆ ಬಹಳ ದಿನ ಬೇಕಾಯಿತು. ಕೆಲಸ ಕೇಳಿಕೊಂಡು ಹೋದ ಕಡೆಯೆಲ್ಲ ಸಾರುವೆಯ ಕತೆ ಅವಳಿಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು, 'ಸ್ವಲ್ಪ'ದ ಕತೆ ಮಾತ್ರ ಹೋಗಿರುತ್ತಿರಲಿಲ್ಲ. ಕೊನೆಗೆ ಸಿಕ್ಕಿದ್ದು ನದಿ ದಂಡೆಯ ಸರಕಿನ ಕಟ್ಟೆಯಲ್ಲಿ, ಚಿಕ್ಕದೊಂದು ಹಳೇ ಕ್ರೇನ್. ದೋಣಿಗಳಿಂದ ಸಿಮೆಂಟು ಮೂಟೆ ಎತ್ತುವ ಕೆಲಸ. ಎತ್ತರ ಮೂರು ಮಹಡಿಯಷ್ಟು ಮಾತ್ರ, ಕೆಳಗಿನದೆಲ್ಲ ಕಾಣುತ್ತದೆ. ಹಿಂದಿನ ಎತ್ತರ ನೆನಪಾಗಿ ಅವಳಿಗೆ ದಿನಕ್ಕೊಮ್ಮೆಯಾದರೂ ಹೊಟ್ಟೆ ಉರಿಯುತ್ತದೆ.

ಗಂಡ ಈಗ ಎಲ್ಲರೊಂದಿಗೂ ಮಾತಾಡುತ್ತಾನೆ, ಬೇಕಾದ್ದಕ್ಕಿಂತ ಜಾಸ್ತಿಯೇ. ಫೋನಿನಲ್ಲಿ ಸಾಮಾನು ಮಾರುವವರು ಅವನ ಹಲೋ ಕೇಳಿ, ಯಂತ್ರ ಎಂದುಕೊಂಡು ಕರೆ ಕತ್ತರಿಸುತ್ತಾರೆ. ಅತ್ತೆಗೆ ಅಭ್ಯಾಸವಾಗಿ, ಮಗ ವಾದ ಮಾಡಿದರೆ ತಿರುಗಿ ಗದರುತ್ತಾರೆ. ಕೆಲವು ದಿನ ಅವನು ಕಟ್ಟೆಯವರೆಗೂ ಬಂದು, ಹಗ್ಗದ ಸುರುಳಿಯ ಮೇಲೆ ಕೂತು ಅವಳ ಕೆಲಸ ನೋಡುತ್ತಾನೆ. ಅವಳು ಇಳಿದು ಬಂದ ಕೂಡಲೇ, ಮೂಟೆಗಳನ್ನು ತೀರಾ ಬೇಗ ತಿರುಗಿಸಿದೆ, ತೂಗಾಡಿದವು, ಎಂದು ತಪ್ಪು ಎತ್ತಿ ತೋರಿಸುತ್ತಾನೆ. ತೂಗಾಡಲಿಲ್ಲ ಎಂದು ಅವಳು. ತೂಗಾಡಿದವು ಎಂದು ಅವನು. ಬಸ್ಸು ಬರುವವರೆಗೂ ಹೀಗೇ ಕಿತ್ತಾಡುತ್ತ ಹೋಗುತ್ತಾರೆ. ಸಾಲಿನಲ್ಲಿ ನಿಂತವರು ತಿರುಗಿ ನೋಡುತ್ತಾರೆ, ನೋಡಲಿ ಎಂದು ಅವಳು ಇನ್ನಷ್ಟು ದನಿ ಎತ್ತುತ್ತಾಳೆ.