ಕಸ್ತೂರಿಬಾಯಿಯ ದನಿ

"ಇದು ಯಾರ ದನಿ, ಹಲ್ಕಟ್ ರಂಡಿ? ಕೇಳು."

ಚಂದಪ್ಪ ಸಾಹುಕಾರ ಮೊಬೈಲನ್ನು ಕಸ್ತೂರಿಬಾಯಿಯ ಕಿವಿಗೆ ಒತ್ತಿ ಹಿಡಿದ. ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರ ಕೈಗಳು ನಿಂತವು. ಮೊಬೈಲಿನಲ್ಲಿ ಅಳುತ್ತಿದ್ದವಳು ಅವಳೇ.

"ಕೂಸು ಬದುವಿನ ಮ್ಯಾಲ ಅಳ್ತಿತ್ತು. ಹಾಲು ಕುಡಿಸಿ ಬರ್ತೇನ್ರಿ ಅಂದ್ರ ಸಾಹುಕಾರ ಬಿಡಲಿಲ್ಲ. ಹೊತ್ತು ಮುಳುಗೋದ್ರಾಗ ತಣ್ಣಗಾಗಿತ್ತು."

"ನಾಳೆ ಚಾವಡಿಗೆ ಬಂದು ಸುಳ್ಳ ಹೇಳೀನಿ ಅನ್ನಬೇಕು," ಎಂದ ಸಾಹುಕಾರ. " ಇಲ್ಲಂದ್ರ ನಿಮ್ಮ ಓಣಿಯ ಒಬ್ಬಾಕಿಗೂ ಕೆಲಸ ಇಲ್ಲ."

ಮೊಬೈಲಿನಲ್ಲಿದ್ದ ಆ ಮಾತನ್ನು ಹಿಂದೊಮ್ಮೆ ರೆಕಾರ್ಡ್ ಮಾಡಿಕೊಂಡವಳು ಅದೇ ಓಣಿಯ ಮಹಾನಂದಾ. ಬಾಣಂತಿಯರ ಬಗ್ಗೆ ಸಂಶೋಧನೆ ನಡೆಸಿದ ಸಂಸ್ಥೆಯೊಂದು ಮನೆಮನೆಗೆ ಹೋಗಿ ಮಾತಾಡಿಸಲು ಅವಳನ್ನು ಹಚ್ಚಿತ್ತು. "ಯಾರಿಗೂ ಗೊತ್ತಾಗೂದಿಲ್ಲಕ್ಕಾ" ಎಂದು ಕಸ್ತೂರಿಬಾಯಿಯನ್ನು ಒಪ್ಪಿಸಿದವಳೂ ಅವಳೇ.

ಸುದ್ದಿ ಕೇಳಿ ಮಹಾನಂದಾ ಕಲಬುರಗಿಯ ಬಸ್ಸು ಹತ್ತಿದಳು. ಸಂಸ್ಥೆಯಲ್ಲೀಗ ಸತೀಶಕುಮಾರನೆಂಬ ಹೊಸ ಸಂಶೋಧಕನಿದ್ದ. ಹಳೆಯ ಸಂದರ್ಶನಗಳನ್ನೇ ತೆಗೆದು ಕೂಲಿ ಹೆಂಗಸರ ಬಗ್ಗೆ ಬರೆದಿದ್ದ. ಅಫಜಲಪುರದ ಸಭೆಯಲ್ಲಿ ಈ ದನಿಯನ್ನು ಕೇಳಿಸಿದ್ದ. ಅಲ್ಲಿದ್ದ ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು.

"ಹೆಸರು ತಗದ ಬಳಸೀವಿ," ಎಂದ ಸತೀಶಕುಮಾರ. " ಆಕಿ ಒಪ್ಪಿಗಿ ಹೆಬ್ಬೆಟ್ಟು ಒತ್ಯಾಳಲ್ಲ?"

"ಬಾಣಂತನದ ಸಲುವಾಗಿ ಅಂತ ಹೇಳಿ ನಾನ ಒತ್ತಿಸೀನ್ರಿ."

"ಇಂಥ ನೋವು ಕಪಾಟಿನ್ಯಾಗ ಬಿದ್ದಿರಬೇಕೇನಮ್ಮಾ? ನಾಲ್ಕು ಮಂದಿ ಕೇಳಲಿ ಅಂತ ಮಾಡೀನಿ."

"ಉಳಿದ ಹೆಂಗಸರ ದನಿಗಳೂ ಅದಾವೇನ್ರಿ?"

"ಎಲ್ಲಾ ಅದಾವ. ಅಭ್ಯಾಸಕ್ಕ ಕೇಳಿದವರಿಗೆ ಕೊಡ್ತೀವಿ."

ಯಾವ ಬಾಗಿಲಲ್ಲಿ ಕೂತು ಯಾರನ್ನು ಅಳಿಸಿದ್ದಳೋ ಮಹಾನಂದಾಳಿಗೆ ಎಲ್ಲ ನೆನಪಿತ್ತು. ಬಸ್ಸಿನಲ್ಲಿ ಒಬ್ಬೊಬ್ಬರ ಮುಖವೂ ಎದುರಿಗೆ ಬಂತು.

ಸಂಜೆ ಕಸ್ತೂರಿಬಾಯಿಯ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಕಸ್ತೂರಿಬಾಯಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ನಿನಗ ಹೇಳಿದ್ದೆ ಬೇ," ಎಂದಳು. "ಮಂದಿಗಲ್ಲ."

ಮರುದಿನ ಚಾವಡಿಯಲ್ಲಿ ಊರೇ ಸೇರಿತ್ತು. ಮಹಾನಂದಾ ಕಸ್ತೂರಿಬಾಯಿಯ ಪಕ್ಕಕ್ಕೆ ಹೋಗಿ ನಿಂತಳು.

"ನೀ ಆಚಿ ಸರಿ," ಎಂದಳು ಕಸ್ತೂರಿಬಾಯಿ. ಮಹಾನಂದಾ ಸರಿದಳು.

"ಸುಳ್ಳಂತ ಹೇಳಬೇ," ಸಾಹುಕಾರ ಕಟ್ಟೆಯ ಮೇಲಿಂದ ಗದರಿದ.

"ಆ ಮೊಬೈಲಿನ್ಯಾಗ ಅರ್ಧ ಅಷ್ಟ ಅದ ರೀ," ಎಂದಳು ಕಸ್ತೂರಿಬಾಯಿ. " ಉಳಿದದ್ದು ಮಹಾನಂದಾಗೂ ಹೇಳಿಲ್ಲ. ಕೂಸಿಗೆ ಹಾಲು ಕುಡಿಸಬೇಕಂದ್ರ ಮೊದಲ ನನ್ನ ಕೂಡ ಹೊಲದ ಗುಡಿಸಲಿನ್ಯಾಗ ಬಾ ಅಂದ್ರಿ. ನಾ ಒಲ್ಲೆ ಅಂದೆ. ಅದಕ್ಕ ಬಿಡಲಿಲ್ಲ. ಎಲ್ಲಾರೂ ಕೇಳ್ರಿ."

ಸಾಹುಕಾರ ಎದ್ದು ಕಟ್ಟೆಯಿಳಿದ. ಓಣಿಯ ಹೆಂಗಸರು ದಾರಿ ಬಿಡಲಿಲ್ಲ. ಅವರ ಹಿಂದೆ ಮಹಾನಂದಾ ಒಬ್ಬಳೇ ನಿಂತಿದ್ದಳು, ತಲೆ ತಗ್ಗಿಸಿಕೊಂಡು.