ಹಾಲಿನ ಗಾಡಿಯ ಮಸಿ

ಬೋಸಿಯಲ್ಲಿದ್ದ ಡೀಸೆಲ್ ಮತ್ತೆ ಕಪ್ಪಾಯಿತು. ಅದನ್ನು ಡಬ್ಬಕ್ಕೆ ಬಗ್ಗಿಸಿ, ಹೊಸದು ಸುರಿದುಕೊಂಡು, ಬಿದಿರಿನ ಚಕ್ಕೆಯಿಂದ ಪೈಪಿನ ಒಳಗನ್ನು ಕೆರೆಯತೊಡಗಿದೆ. ಅಂಬಿಕಳ ಗಾಡಿಯ ಇಂಜಿನ್ನಿಗೆ ಗಾಳಿ ಹೋಗುವ ಪೈಪು ಅದು. ಒಳಗೆ ಹೆಬ್ಬೆರಳು ತೂರುವಷ್ಟು ದಾರಿ ಉಳಿದಿತ್ತು. ಮಿಕ್ಕಿದ್ದೆಲ್ಲ ತಾರಿನಂಥ ಮಸಿ.

ಅಂಬಿಕ ನನ್ನ ತಂಗಿಯ ಮಗಳು. ಕ್ಯಾಸಂಬಳ್ಳಿ ಕಡೆಯ ನಮ್ಮೂರಿನಲ್ಲಿ ಬೀದಿಗೊಂದು ಕಡೆ ನಿಂತು ಹಾಲು ತುಂಬಿಕೊಂಡು ಬಂಗಾರಪೇಟೆಗೆ ಸಾಗಿಸುತ್ತಾಳೆ. ಈಚೆಗೆ ಏರು ಬಂದರೆ ಸಾಕು, ಗಾಡಿ ಕಪ್ಪು ಹೊಗೆ ಬಿಟ್ಟು ನಿಂತುಬಿಡುತ್ತಿತ್ತು. ತಡವಾಗಿ ಹಾಲೂ ಒಡೆದಿತ್ತು. ಇದೇ ಗಾಡಿ ಇರಲೋ, ಬೇರೆ ಗೊತ್ತುಮಾಡಲೋ, ಬರೆದು ತಿಳಿಸಿ ಎಂದು ಕೋಲಾರದ ಹಾಲಿನ ಕಚೇರಿಯವರು ಕೇಳಿ ತಿಂಗಳ ಮೇಲಾಗಿತ್ತು. ಹೆಂಗಸರ ಹಾಲಿನ ಸಂಘಕ್ಕೆ ನಾನು ಅಧ್ಯಕ್ಷೆ. ಇದೇ ಇರಲಿ ಎಂದು ಕಾಗದ ಬರೆದಿಟ್ಟಿದ್ದೆ. ಕಳಿಸಲು ಮನಸ್ಸು ಒಪ್ಪಿರಲಿಲ್ಲ. ಗಾಡಿ ಏರು ಹತ್ತದೆ ಹೇಗೆ ಹೇಳುವುದು? ಹೇಳದಿದ್ದರೆ ಹುಡುಗಿಯ ಕೆಲಸ ಹೋಗುತ್ತದೆ.

ನಾವಿದ್ದದ್ದು ಊರ ಹತ್ತಿರದ ಕೋರಮಂಡಲ್‌ನ ರಿಪೇರಿ ಶೆಡ್ಡಿನಲ್ಲಿ. ನಾನು ಕೆರೆದ ಪೈಪನ್ನು ಮೆಕ್ಯಾನಿಕ್ ಮುನಿರಾಜ್ ಬೆಳಕಿಗೆ ಹಿಡಿದು ನೋಡಿದ.

"ಸುಟ್ಟ ಹೊಗೆ ಒಸಿ ವಾಪಸ್ ಇದಕ್ಕೇ ಬತ್ತದೆ ಕಣಮ್ಮ. ನಿಂತ ಕಡೆ ಇಂಜಿನ್ ಉರೀತಾ ಇದ್ರೆ ಇಂಗೇ ಕಟ್ಕಳ್ಳೋದು. ಏನಂಬಿಕಾ, ಆಫ್ ಮಾಡಲ್ವಾ ನೀನು?"

"ಆಫ್ ಮಾಡಿದ್ರೆ ಯಾರೂ ಆಲು ತರಲ್ಲಣ್ಣ. ಗುಡುಗುಡು ಸದ್ದು ಕೇಳೇ ಅವ್ರು ಕರೆಯಕ್ಕೆ ಕೂರೋದು."

"ಅಂಗಾದ್ರೆ ವರ್ಷಕ್ಕೆರಡು ಸಲ ಬಾ. ಈ ಮಸೀಲೇ ನಾನು ಕಾಡಿಗೆ ಮಾಡಿ ಮಾರ್ಕತೀನಿ."

ಅವನು ಪೈಪಿಗೆ ಗಾಳಿ ಹೊಡೆದು, ಪೂರ್ತಿ ಒಣಗಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದ.

ಸಂಜೆ ನಾನು ಬೀದಿ ಬೀದಿ ತಿರುಗಿದೆ. ನಾಳೆಯಿಂದ ಗಾಡಿ ಸದ್ದಿಗೆ ಕಾಯಬೇಡಿ, ಮೊದಲೇ ಕರೆದು ತಂದು ನಿಲ್ಲಿ ಎಂದೆ.

"ನಾವು ನಿಂತು ಕಾಯಕ್ಕೆ ಅದೇನು ಮದ್ವೆ ದಿಬ್ಬಣವಾ ಕನಕಕ್ಕ?" ಎಂದಳು ಮುತ್ಯಾಲಮ್ಮ.

"ಒಡೆದ ಆಲು ವಾಪಸ್ ತಂದಾಗ ನೀನೇ ತಾನೆ ಬೈದಿದ್ದು?"

"ಬೈದೆ. ಅದಕ್ಕೇ ಈಗ ಬೀದೀಲಿ ನಿಲ್ಲಿಸ್ತೀಯಾ?"

ಹಾಗೆಂದು ಮನೆಯೊಳಗೆ ಹೋದಳು.

ಬೆಳಿಗ್ಗೆ ನಾನೂ ಗಾಡಿಯಲ್ಲಿ ಕೂತೆ. ನಿಂತಲ್ಲೆಲ್ಲ ಅಂಬಿಕ ಇಂಜಿನ್ ಆರಿಸಿದಳು. ಮುತ್ಯಾಲಮ್ಮನ ಬೀದಿಯಲ್ಲಿ ಯಾರೂ ಇರಲಿಲ್ಲ. ಇಂಜಿನ್ ಸದ್ದು ಮಾಡಿಸಲು ಅಂಬಿಕಳ ಕೈ ಕೀಲಿಗೆ ಹೋಯಿತು.

"ತಡಿ," ಎಂದೆ.

"ಲೇಟಾಯ್ತದೆ ದೊಡ್ಡಮ್ಮ."

"ಆಗ್ಲಿ."

ಸ್ವಲ್ಪ ಹೊತ್ತಿಗೆ ಮುತ್ಯಾಲಮ್ಮ ಬಿಂದಿಗೆ ಹಿಡಿದು, ಹಿಂದೆ ಮೂರು ಮನೆಯವರನ್ನು ಕರೆದುಕೊಂಡು ಬಂದಳು. "ಸದ್ದೇ ಇಲ್ಲ, ಕಳ್ಳರಂಗೆ ನಿಂತವ್ರೆ," ಎಂದು ಗೊಣಗುತ್ತ ಹಾಲು ಅಳೆಸಿದಳು.

ತುಂಬಿದ ಕ್ಯಾನುಗಳ ಜೊತೆ ಗಾಡಿ ಏರು ಹತ್ತಿತು. ಹೊಗೆ ಅಷ್ಟಾಗಿ ಇರಲಿಲ್ಲ. ಅಂಬಿಕ ಗೇರು ಬದಲಿಸಿ ಮುಂದೆ ಹೊಡೆದಳು.

ಬಂಗಾರಪೇಟೆಯಲ್ಲಿ ಹಾಲು ಇಳಿಸಿದ ಮೇಲೆ, ಬರೆದಿಟ್ಟಿದ್ದ ಕಾಗದ ಬಿಡಿಸಿ, ಕೆಳಗೆ ಒಂದು ಸಾಲು ಸೇರಿಸಿದೆ: ಗಾಡಿ ಸ್ವಲ್ಪ ತಡವಾಗಿ ಬರಬಹುದು, ಆದರೆ ಬರುತ್ತದೆ. ಲಕೋಟೆ ಅಂಟಿಸಿ ಅಂಚೆ ಡಬ್ಬಿಗೆ ಹಾಕಿದೆ.