ಹದಿನಾರು ನಿಮಿಷದ ಸುತ್ತು

ನನ್ನ ಮೇಜಿನ ಎದುರಿನ ಗೋಡೆಯಲ್ಲಿ ಒಂದು ನಕ್ಷೆಯಿತ್ತು. ನಾನಿದ್ದ ಉತ್ತರದ ಹಿಮದೂರಿನಿಂದ ಇನ್ನೂ ಉತ್ತರದ ಗಡಿಯೂರಿಗೆ, ನಡುವಿನ ಕಣಿವೆಯ ಮೇಲೆ ಹಾಯುವಂತೆ, ಯಾರೋ ಸ್ಕೇಲಿಟ್ಟು ಕೆಂಪು ಗೆರೆ ಎಳೆದಿದ್ದರು. ತೊಂಬತ್ತು ಮೈಲಿ. ನಡೆದರೆ ಒಂಬತ್ತು ದಿನ, ವಿಮಾನದಲ್ಲಿ ನಲವತ್ತು ನಿಮಿಷ. ನಾನು ಅಲ್ಲಿ ಗಾಳಿ, ಮೋಡ ನೋಡಿ ಬರೆದಿಡುವ ನೌಕರನಾಗಿದ್ದೆ.

ಪುಟ್ಟ ವಿಮಾನದ ಪೈಲಟ್ ಹಲಗತ್ತಿ, ಗದಗಿನ ಕಡೆಯವರು. ಆ ಚಳಿಯಲ್ಲಿ ಕನ್ನಡ ಮಾತಾಡುವ ಇನ್ನೊಂದು ಜೀವ. ಅಷ್ಟಿದ್ದೂ ನನಗೆ ಅವರ ಮೇಲೆ ಸಂಶಯ ಬಂತು. ವರ್ಷವಿಡೀ ನಲವತ್ತು ನಿಮಿಷಕ್ಕೆ ತಲುಪುವವರು ವಸಂತದ ಎರಡು ತಿಂಗಳು ಮಾತ್ರ ಐವತ್ತಾರು ನಿಮಿಷ ತೆಗೆದುಕೊಳ್ಳುತ್ತಿದ್ದರು.

"ಯಾಕೆ ತಡ?" ಎಂದು ಕೇಳಿದೆ.

"ಗಾಳಿ ಎದುರಿತ್ರೀ," ಎಂದರು.

ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ! ಆ ದಿನ ಎಲೆಯೂ ಅಲುಗಿರಲಿಲ್ಲ. ಮರುವಾರ ಅವರ ತಲೆಯ ಮೇಲೊಂದು ಹೊಸ ಉಣ್ಣೆಯ ಟೋಪಿ ಕಂಡಿತು. ಯಾರು ಹೆಣೆದದ್ದೆಂದು ಕೇಳಿದರೆ ನಕ್ಕರು. ದಾರಿಯಲ್ಲಿ ಎಲ್ಲೋ ಇಳಿಯುತ್ತಾರೆ, ಯಾರಿಗೋ ಏನೋ ಸಾಗಿಸುತ್ತಾರೆ ಎಂದುಕೊಂಡೆ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ. ದಿನಾ ಆ ಕೆಂಪು ಗೆರೆಯನ್ನು ನೋಡಿ ನೋಡಿ, ಕೊನೆಗೆ ಮೇಲಧಿಕಾರಿಗಳಿಗೆ ದೂರು ಬರೆದೆ. ವಾರದೊಳಗೆ ಹಲಗತ್ತಿಯವರಿಗೆ ವರ್ಗವಾಯಿತು.

ಹೊರಡುವಾಗ ಅವರು ನನ್ನ ಕೈ ಹಿಡಿದುಕೊಂಡರು. "ಹೊಸದಾಗಿ ಬರೋ ಪೈಲಟ್‌ಗ ಒಂದ್ ಮಾತು ಹೇಳ್ರಿ. ಈ ತಿಂಗಳು ಮುಗಿಯೋತನಾ ಕಣಿವಿ ಬಿಟ್ಟು ಸುತ್ತ ಹಾಕಿ ಹೋಗಂತ ಹೇಳ್ರಿ."

ಹೊಸಬನನ್ನೂ ಆ ದಂಧೆಗೆ ಎಳೆಯುತ್ತಿದ್ದಾರೆಂದು ನನಗೆ ಅನ್ನಿಸಿತು. ನಾನು ಹೇಳಲಿಲ್ಲ. ಹೊಸ ಪೈಲಟ್ ಗೆರೆಯ ಮೇಲೆಯೇ ಹಾರಿ ನಲವತ್ತು ನಿಮಿಷಕ್ಕೆ ತಲುಪಿದ. ನನಗೆ ಹೆಮ್ಮೆಯಾಯಿತು.

ಮೂರು ವಾರದ ಮೇಲೆ ಅಂಗ್ಮೋ ಎಂಬ ಮುದುಕಿ ಕಣಿವೆಯಿಂದ ನಡೆದು ಬಂದಳು. ಕುರಿ ಸಾಕುವವಳು. ಅವಳ ಭಾಷೆ ಅಷ್ಟರಲ್ಲಿ ನನಗೆ ಬರುತ್ತಿತ್ತು.

"ಮೊದಲಿದ್ದವನು ಎಲ್ಲಿ?"

"ವರ್ಗವಾಯ್ತು, ಅಜ್ಜಿ."

"ಹೊಸಬ ನಮ್ಮ ನೆತ್ತಿ ಮೇಲೇ ಹೋಗ್ತಾನಪ್ಪ. ಆ ಸದ್ದಿಗೆ ಗಬ್ಬದ ಕುರಿಗಳು ಬೆದರಿ ಓಡಿ ಬಂಡೆಯಿಂದ ಬೀಳ್ತವೆ. ಹನ್ನೊಂದು ಮರಿ ಹೊಟ್ಟೆಯಲ್ಲೇ ಸತ್ತವು. ಮರಿ ಹಾಕೋ ಕಾಲದಲ್ಲಿ ಸುತ್ತಿಕೊಂಡು ಹೋಗು ಅಂತ ಅವನನ್ನ ಕೇಳಿಕೊಂಡಿದ್ದೆ. ಒಂದು ದಿನವೂ ಮಾತು ತಪ್ಪಲಿಲ್ಲ. ಒಂದು ಟೋಪಿ ಹೆಣೆದು ಕೊಟ್ಟೆ, ಅಷ್ಟೇ. ಅವನನ್ನ ವಾಪಸ್ ಕಳಿಸಿ ಅಂತ ಒಂದು ಕಾಗದ ಬರೆದುಕೊಡು."

ಬರೆದುಕೊಡುವುದಕ್ಕೆ ಪ್ರತಿಯಾಗಿ ಒಣ ಚೀಸಿನ ಗಂಟೊಂದನ್ನು ಮೇಜಿನ ಮೇಲಿಟ್ಟಳು. ನಾಲ್ಕು ಸಾಲು ಬರೆದು ಪೆನ್ನು ಕೆಳಗಿಟ್ಟೆ. ನಾಚಿಕೆಯಿಂದ ಸತ್ತುಹೋದೆ.

"ಅವರ ಮೇಲೆ ದೂರು ಕೊಟ್ಟವನು ನಾನೇ, ಅಜ್ಜಿ."

ಅವಳು ನನ್ನನ್ನು ನೋಡಿದಳು. "ಪೂರ್ತಿ ಬರಿ," ಎಂದಳು.

ಬರೆದೆ. ಹೆಬ್ಬೆಟ್ಟು ಒತ್ತಿದಳು. ಆಮೇಲೆ ಚೀಸಿನ ಗಂಟನ್ನು ಎತ್ತಿ ಮಡಿಲಿಗೆ ಹಾಕಿಕೊಂಡು ಕಣಿವೆಯ ದಾರಿ ಹಿಡಿದಳು.